ಕೂಲಿಯೋ, ಗುತ್ತಿಗೆಯೋ?

ಬಾದಾಮಿಯಿಂದ ಸುಮಾರು 22 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯು ಉತ್ತರಾಭಿಮುಖವಾಗಿ ತಿರುಗಿ ಹರಿಯುವ ಎಡೆಯಲ್ಲಿ, ಪಟ್ಟದಕಲ್ಲು ಎಂಬ ಊರಿದೆ. ಅದರ ಹಳೆಯ ಹೆಸರು ಕಿಸುವೊಳಲು, ಎಂದರೆ ಕೆಂಪು ಪಟ್ಟಣ. ಚಾಲುಕ್ಯ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ ಸ್ಥಳವಾದುದರಿಂದ ಪಟ್ಟದಕಲ್ಲು ಎಂಬ ಹೆಸರು ನಿಂತಿತು. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಇಲ್ಲಿಯ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮಲ್ಲಿ ಅನೇಕರು ಈ ಗುಡಿಗಳನ್ನು ಕಂಡಿರಬಹುದು; ಕಾಣದವರು ಚಿತ್ರದಲ್ಲಾದರೂ ನೋಡಿರಬಹುದು.

ವಿರೂಪಾಕ್ಷ ಗುಡಿಯ ಮುಂದೆ ನಿಂತ ಪ್ರವಾಸಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾನೆ. ಇದನ್ನು ಕಟ್ಟಿಸಿದವರು ಯಾರು? ಕಟ್ಟಿದವರು ಯಾರು? ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಕಟ್ಟಿದವರಿಗೆ ಕೂಲಿ ಕೊಡುವ ಹೊಣೆ ಯಾರದಾಗಿತ್ತು? ಇದು ಸತ್ತು ಹೋದ ಪ್ರಶ್ನೆಯೆಂದು ತಿಳಿಯಬೇಡಿ. ಇದೇ ನಾಡಿನ ಇಳಕಲ್ಲಿನ ಮಗ್ಗದ ಮುಂದೆ, ಮಂಗಳೂರಿನ ಬೀಡಿಯ ಮೊರದ ಮುಂದೆ, ಬೆಂಗಳೂರಿನ ಬೀದಿಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಹುಡುಗರ ಮುಂದೆ ಇಂದಿಗೂ ಅದು ನಿಂತಿದೆ. ಇಂದಿನ ಮಾತು ಸರಿಯಾಗಿ ತಿಳಿಯಬೇಕಾದರೆ ಹಿಂದಿನ ಮಾತಿನಿಂದಲೇ ಆರಂಭಿಸುವುದು ಲೇಸು.

ಕಟ್ಟಿಸಿದವರ ವಿಷಯದಲ್ಲಿ ಸಂದೇಹವಿಲ್ಲ. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಮೂರು ಬಾರಿ ಜಯಿಸಿದುದರ ನೆನಪಿಗಾಗಿ ಅವನ ಪಟ್ಟದರಸಿ ಲೋಕಮಹಾದೇವಿಯು ಎಂಟನೆಯ ಶತಮಾನದ ನಡುವಿನಲ್ಲಿ ಈ ಗುಡಿಯನ್ನು ಕಟ್ಟಿಸಿದಳು. ಆಗ ಇದರ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದವಳು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ.

ಕಟ್ಟಿದವರ ಹೆಸರುಗಳೂ ನಮಗೆ ದೊರೆತಿರುವುದು ಪಟ್ಟದಕಲ್ಲಿನ ವಿಶೇಷ. ವಿರೂಪಾಕ್ಷ ಗುಡಿಯ ಮೂಡಣ ಹೆಬ್ಬಾಗಿಲ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯ ಹೆಸರಿದೆ. ಅವನಿಗೆ ‘ಪೆರ್ಜೆರೆಪು’ ಎಂಬ ಪಟ್ಟವನ್ನೂ ತ್ರಿಭುವನಾಚಾರಿ ಎಂಬ ಬಿರುದನ್ನೂ ಕೊಟ್ಟ ಸಂಗತಿ ಅಲ್ಲಿ ಬರೆದಿದೆ. ಅರಸರಿಗೆ ಪಟ್ಟ ಕಟ್ಟಿದ ಊರಿನಲ್ಲಿ ಶಿಲ್ಪಿಗೂ ಒಂದು ಪಟ್ಟ! ತೆಂಕಣ ದಿಕ್ಕಿನ ಸೂತ್ರಧಾರಿಯಾದ ಸರ್ವಸಿದ್ಧಿ ಆಚಾರಿಯನ್ನಂತೂ ಮನೆ, ಅರಮನೆ, ವಾಹನ, ಆಸನ, ಮಂಚ, ಮಣಿಮಕುಟ ಎಲ್ಲವನ್ನೂ ನಿರ್ಮಿಸಬಲ್ಲವನೆಂದು ಬಾಯ್ತುಂಬ ಹೊಗಳಿದ್ದಾರೆ. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಬಲದೇವ, ಚೆಂಗಮ್ಮ ಮೊದಲಾದ ಶಿಲ್ಪಿಗಳ ಹೆಸರುಗಳು ಅವರು ಕಡೆದ ಶಿಲ್ಪಗಳ ಬಳಿಯಲ್ಲೇ ಉಳಿದಿವೆ.

ಇನ್ನೊಂದು ಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಇಮ್ಮಡಿ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯನು ಗಾಂಧರ್ವರಿಗೆ, ಎಂದರೆ ಹಾಡುವ ಬಾರಿಸುವ ವೃತ್ತಿಯವರಿಗೆ, ಒಂದು ಕಟ್ಟಳೆಯನ್ನು ಮಾಡಿಕೊಟ್ಟಿದ್ದನು. ಲೋಕಮಹಾದೇವಿಯು ಅದನ್ನು ಮತ್ತೆ ಸ್ಥಿರಪಡಿಸಿದಳೆಂದು ಈ ಶಾಸನ ಹೇಳುತ್ತದೆ. ಮಾವ ಕೊಟ್ಟ ಮಾತನ್ನು ಸೊಸೆ ಕಲ್ಲಿನ ಮೇಲೆ ಬರೆಯಿಸಿ ಉಳಿಸಿದಳು. ದುಡಿಯುವವನಿಗೆ ಕೊಟ್ಟ ಮಾತು ಕೊಟ್ಟವನೊಡನೆ ಮುಗಿಯಬಾರದು, ಬರಹದಲ್ಲಿ ಇರಬೇಕು ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದೇ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಪಟ್ಟಣಿಗರಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನವೊಂದಿದೆ. ಅರಸನ ಅಧಿಕಾರಿಗಳಿಗೂ ಪ್ರಜೆಗಳಿಗೂ ಇರಬೇಕಾದ ಸಂಬಂಧವನ್ನು ಅದು ಗೊತ್ತುಪಡಿಸುತ್ತದೆ. ಕಂಚುಗಾರರ ಸಂಘದ ಪ್ರಸ್ತಾಪವೂ ಅದರಲ್ಲಿ ಬರುತ್ತದೆ.

ಹೀಗೆ ಸೂತ್ರಧಾರಿಯ ಕಥೆ ಕಲ್ಲಿನಲ್ಲಿದೆ. ಗಾಯಕರ ಕಟ್ಟಳೆಯೂ ಕಲ್ಲಿನಲ್ಲಿದೆ. ಆದರೆ ಬೆಟ್ಟದಿಂದ ಬಂಡೆ ಸೀಳಿದವರು, ಅದನ್ನು ಹೊಳೆಯ ದಂಡೆಗೆ ಸಾಗಿಸಿದವರು, ಮಣ್ಣಿನ ಇಳಿಜಾರು ಕಟ್ಟಿ ಶಿಖರಕ್ಕೆ ಏರಿಸಿದವರು? ಊರಿನ ಸಮೀಪದ ಹಳೆಯ ಕಲ್ಲುಗಣಿಯಲ್ಲಿ ಬೆಣೆ ಬಡಿದ ಗುರುತುಗಳಿವೆ. ಅಲ್ಲಲ್ಲಿ ಕೆಲವು ಹೆಸರುಗಳೂ ಇವೆ. ಅವರ ದಿನಗೂಲಿಯ ಲೆಕ್ಕ ಮಾತ್ರ ಯಾವ ಗೋಡೆಯ ಮೇಲೂ ಇಲ್ಲ. ರಾಣಿಗೂ ಕಲ್ಲು ಹೊರುವವನಿಗೂ ನಡುವೆ ಸೂತ್ರಧಾರಿಯೊಬ್ಬ ನಿಂತಿದ್ದನು. ಹೆಸರೇ ಹೇಳುವಂತೆ ಅವನ ಕೈಯಲ್ಲಿ ಸೂತ್ರವಿತ್ತು. ಎಲ್ಲಿ ಕಂಬ, ಎಲ್ಲಿ ಕಿಟಕಿ, ಯಾವ ಕಲ್ಲು ಯಾವ ಅಳತೆ, ಯಾರು ಯಾವ ಕೆಲಸ ಎಂಬುದನ್ನು ಅವನು ನಿರ್ಣಯಿಸುತ್ತಿದ್ದನು. ಕೆಲಸ ಕೆಟ್ಟರೆ ಅಪಕೀರ್ತಿ ಅವನದು, ಗೆದ್ದರೆ ಪಟ್ಟವೂ ಅವನದು. ಸ್ವತಂತ್ರವಾಗಿ ಕೆಲಸ ವಹಿಸಿಕೊಳ್ಳುವುದೆಂದರೆ ಇದು. ಓದುಗರು ಈ ಸೂತ್ರಧಾರಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನ್ಯಾಯಾಲಯಗಳಲ್ಲಿ ಅವನು ಮತ್ತೆ ಬೇಕಾಗುತ್ತಾನೆ.

ಕೂಲಿಯ ವಿಷಯದಲ್ಲಿ ನಮ್ಮ ಹಿಂದಿನವರಿಗೆ ಕಾನೂನು ಇರಲಿಲ್ಲವೆಂದಲ್ಲ. ಕೊಡಬೇಕಾದ ಕೂಲಿಯನ್ನು ಕೊಡದಿದ್ದರೆ ಅದರ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕೂಲಿಯನ್ನು ಮೊದಲೇ ಮಾತಾಡದೆ ದುಡಿಸಿಕೊಂಡಿದ್ದರೆ ಬೇಸಾಯದವನಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ, ವ್ಯಾಪಾರ ನಡೆಸಿಕೊಟ್ಟವನಿಗೆ ಸರಕಿನಲ್ಲಿ ಹತ್ತನೆಯ ಒಂದು ಪಾಲು ಸಲ್ಲಬೇಕು.

ಈ ವಿಚಾರವನ್ನು ಕನ್ನಡ ನಾಡಿನಲ್ಲಿಯೇ ಕುಳಿತು ವಿಸ್ತರಿಸಿದವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥ ದೇಶದ ಬಹುಭಾಗಕ್ಕೆ ಪ್ರಮಾಣವಾಯಿತೆಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ವೇತನದ ಪ್ರಕರಣವೂ ಇದೆಯೆಂಬುದು ಅಷ್ಟಾಗಿ ಗೊತ್ತಿಲ್ಲ. ಕೂಲಿ ಪಡೆದು ಕೆಲಸ ಬಿಟ್ಟವನು ಎರಡು ಪಟ್ಟು ಹಿಂದಕ್ಕೆ ಕೊಡಬೇಕು. ಕೂಲಿ ಗೊತ್ತುಮಾಡದೆ ದುಡಿಸಿಕೊಂಡ ಯಜಮಾನನಿಂದ ಲಾಭದ ಹತ್ತನೆಯ ಪಾಲನ್ನು ಅರಸನು ಕೊಡಿಸಬೇಕು. ಒಂದು ಕೆಲಸಕ್ಕೆ ಇಬ್ಬರು ಸೇರಿದಾಗ ಯಾರು ಎಷ್ಟು ಮಾಡಿದರೋ ಅವರಿಗೆ ಅಷ್ಟು ಸಲ್ಲಬೇಕು. ಹೊರೆ ಹೊರುವವನು ಅರ್ಧ ದಾರಿಯಲ್ಲಿ ಕೈಬಿಟ್ಟರೆ ಅವನಿಗೆ ಇಂತಿಷ್ಟು ದಂಡ. ಯಜಮಾನನೇ ಅವನನ್ನು ಅರ್ಧ ದಾರಿಯಲ್ಲಿ ಕೈಬಿಟ್ಟರೆ ಅಷ್ಟೇ ದಂಡ ಯಜಮಾನನಿಗೂ ಉಂಟು. ಈ ಕೊನೆಯ ಮಾತಿನಲ್ಲಿರುವ ಸಮತೋಲವನ್ನು ಗಮನಿಸಿರಿ.

ಹಾಗೆಂದು ಹಿಂದೆಲ್ಲ ರಾಮರಾಜ್ಯವಿತ್ತೆಂದು ಹೇಳಲಾಗದು. ಅದೇ ಧರ್ಮಶಾಸ್ತ್ರಗಳು ಕೂಲಿಯವರಲ್ಲಿ ಆಯುಧ ಹಿಡಿಯುವವನನ್ನು ಉತ್ತಮನೆಂದೂ ಬೇಸಾಯಗಾರನನ್ನು ಮಧ್ಯಮನೆಂದೂ ಹೊರೆ ಹೊರುವವನನ್ನು ಕೀಳೆಂದೂ ವಿಂಗಡಿಸಿದವು. ದಾಸರೆಂಬ ಬೇರೆ ವರ್ಗವನ್ನೂ ಒಪ್ಪಿದವು. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಿದರೆಂಬುದರ ಮೇಲೆ ಅವರಿಗೆ ಸಲ್ಲುವುದು ನಿಂತಿತ್ತು. ಹೆಸರು ಬದಲಾದರೆ ಹಕ್ಕು ಬದಲಾಗುತ್ತದೆ. ನಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲಿಯೇ.

ಇದರ ಕಹಿ ಅನುಭವವು ಈ ನೆಲಕ್ಕೆ 1876–78ರ ದೊಡ್ಡ ಬರಗಾಲದಲ್ಲಿ ಆಯಿತು. ಆಗ ಬಾದಾಮಿ, ಹುನಗುಂದ, ಬಾಗಲಕೋಟೆಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಆ ಬರದಲ್ಲಿ ತೀರ ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ಹಸಿದವರಿಗಾಗಿ ಸರಕಾರ ಕೆರೆ, ರಸ್ತೆಗಳ ಕಾಮಗಾರಿ ತೆಗೆಯಿತು. ಪ್ರಾಂತದಲ್ಲಿ ಈ ಕಾಮಗಾರಿಗಳು ಎರಡು ಬಗೆಯವಾಗಿದ್ದವು. ಒಂದು ಇಂಜಿನಿಯರ ಕೈಕೆಳಗಿನ ಲೋಕೋಪಯೋಗಿ ಕೆಲಸ. ಇನ್ನೊಂದು ಕಂದಾಯ ಅಧಿಕಾರಿಗಳು ನಡೆಸುತ್ತಿದ್ದ ಹಗುರ ಕೆಲಸ. ಎರಡನೆಯದರಲ್ಲಿ ಕೂಲಿ ಕಡಿಮೆ. ಬಗಲಿನಲ್ಲಿ ಮಗುವಿರುವ ಹೆಂಗಸು ಯಾವ ಪಟ್ಟಿಗೆ ಸೇರಿದಳೆಂಬುದರ ಮೇಲೆ ಅವಳ ಮನೆಯ ಗಂಜಿ ನಿಂತಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಕೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಸ್ವಲ್ಪ ಕಾಸು ಎಂಬಷ್ಟಕ್ಕೆ ಇಳಿಸಿದರು. ಪುಣೆಯ ಸಾರ್ವಜನಿಕ ಸಭೆ ಇದನ್ನು ಪ್ರತಿಭಟಿಸಿತು. ಪ್ರಾಂತದಲ್ಲಿ ಸಾವಿರಾರು ಜನ ಕಾಮಗಾರಿಗಳನ್ನು ಬಿಟ್ಟು ಹೋದರು. ಕೆಲಸಕ್ಕೆ ಇಟ್ಟ ಹೆಸರಿನಲ್ಲಿ ಏನಿದೆ ಎಂದು ಕೇಳುವವರಿಗೆ ಆ ವರ್ಷದ ಹಸಿವೇ ಉತ್ತರ.

ಇನ್ನು ಇಳಕಲ್ಲಿಗೆ ಬರೋಣ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದಾದರೂ ಇಳಕಲ್ಲ ಸೀರೆ ಇದ್ದೀತು; ಅದರ ಜೊತೆಗೆ ಗುಳೇದಗುಡ್ಡದ ಖಣವೂ ಇದ್ದೀತು. ಇಳಕಲ್ಲ ಸೀರೆಯ ಜಾಣ್ಮೆ ಇರುವುದು ಸೆರಗಿನಲ್ಲಿ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಸೇರಿಸಿ ಒಂದೇ ಬಟ್ಟೆಯಾಗಿ ನೇಯಬೇಕು. ಇದಕ್ಕೆ ಟೋಪು ತೆನಿ ಎನ್ನುತ್ತಾರೆ. ನೇಯುವವನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂರುತ್ತಾನೆ. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ; ಅನೇಕ ಮನೆಗಳಲ್ಲಿ ಮಗ್ಗಕ್ಕೂ ಅವರೇ ಕೂರುತ್ತಾರೆ. 2019–20ರಲ್ಲಿ ನಡೆದ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕಸುಬಿನವರು 35 ಲಕ್ಷಕ್ಕೂ ಮಿಕ್ಕಿದ್ದರು. ನೇಯುವವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೆಂಗಸರು.

ಈ ನೇಕಾರರಲ್ಲಿ ಸ್ಥೂಲವಾಗಿ ಮೂರು ಬಗೆ. ಸ್ವಂತ ಹಣದಿಂದ ನೂಲು ಕೊಂಡು ನೇಯ್ದು ಮಾರುವವರು ಒಂದು ಬಗೆ. ಸಹಕಾರಿ ಸಂಘದಿಂದಲೋ ನಿಗಮದಿಂದಲೋ ನೂಲು ಪಡೆದು ನೇಯುವವರು ಇನ್ನೊಂದು. ಸಾವುಕಾರನಿಂದ ಹಾಸು, ನೂಲು ಪಡೆದು, ಅವನು ಹೇಳಿದ ಬಣ್ಣ, ಹೇಳಿದ ದಡಿ ನೇಯ್ದು, ಸೀರೆಗೆ ಇಂತಿಷ್ಟು ಎಂದು ಮಜೂರಿ ಪಡೆಯುವವರು ಮೂರನೆಯ ಬಗೆ. ಮೊದಲನೆಯವನು ನಿಜವಾಗಿ ಸ್ವತಂತ್ರ. ಸೀರೆ ಅವನದು, ಬೆಲೆಯೂ ಅವನದು. ಲಾಭವಾದರೂ ನಷ್ಟವಾದರೂ ಅವನಿಗೇ ಸೇರುತ್ತದೆ. ಮೂರನೆಯವನ ಸ್ಥಿತಿ ಏನು? ಮನೆ ಅವನದು, ಕುಣಿ ಅವನದು, ಕೆಲವೊಮ್ಮೆ ಮಗ್ಗವೂ ಅವನದು. ಯಾವಾಗ ಕೂರಬೇಕು, ಯಾವಾಗ ಏಳಬೇಕು ಎಂದು ಹೇಳುವವರಿಲ್ಲ. ಹೊರಗಿನಿಂದ ನೋಡಿದರೆ ಅವನೂ ಸ್ವತಂತ್ರನೇ. ಆದರೆ ನೂಲು ಅವನದಲ್ಲ, ನಮೂನೆ ಅವನದಲ್ಲ, ಸೀರೆಯ ಬೆಲೆ ಕಟ್ಟುವವನೂ ಅವನಲ್ಲ. ನೇಯ್ಗೆಯಲ್ಲಿ ದೋಷ ಕಂಡರೆ ಮಜೂರಿ ಮುರಿಯುವವನು ಸಾವುಕಾರ. ಮುಂಗಡದ ಸಾಲ ತೀರದಿದ್ದರೆ ಬೇರೆ ಬಾಗಿಲಿಗೆ ಹೋಗುವಂತಿಲ್ಲ. ಮುಂದಿನ ಹಾಸು ಬರದಿದ್ದರೆ ಕೆಲಸದಿಂದ ತೆಗೆದಂತೆಯೇ. ನೋಟೀಸಿನ ಅಗತ್ಯವೂ ಇಲ್ಲ.

ಸಾವುಕಾರರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಪೇಟೆ ಬಿದ್ದಾಗ ತಾನು ಸಾಲ ಮಾಡಿ ನೇಕಾರನ ಮನೆ ನಡೆಸಿದವರೂ ಇದ್ದಾರೆ. ಆದರೆ ಒಳ್ಳೆಯತನವು ಹಕ್ಕಿನ ಸ್ಥಾನವನ್ನು ತುಂಬಲಾರದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎತ್ತಿ ಹಿಡಿದ ನಾಡು ಇದು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವು ಇದೇ ಸೀಮೆಯಲ್ಲಿದೆ. ಹಗ್ಗ ಹೊಸೆಯುವವನ, ಅಕ್ಕಿ ಆಯುವವಳ ದುಡಿಮೆಗೆ ಅವರು ಕೊಟ್ಟ ಗೌರವ ದೊಡ್ಡದು. ದುಡಿಯುವವನು ಅತಿಯಾಸೆ ಪಡಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ದುಡಿಸುವವನು ಅದನ್ನು ಕೂಲಿ ತಡೆಯಲು ನೆಪವಾಗಿ ಬಳಸಿದರೆ ಕಾಯಕದ ತತ್ತ್ವಕ್ಕೆ ಅಪಚಾರವಾಗುತ್ತದೆ.

ಸ್ವತಂತ್ರನಂತೆ ಕಾಣುವ ಈ ದುಡಿಮೆಗಾರ ನಿಜವಾಗಿ ಯಾರು? ಸ್ವಾತಂತ್ರ್ಯಾನಂತರ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬಂದಿತು. ಮೊದಲ ದೊಡ್ಡ ಮೊಕದ್ದಮೆ ಸೌರಾಷ್ಟ್ರದ ಉಪ್ಪಿನ ಕೆಲಸಗಾರರದು. ಧ್ರಾಂಗಧ್ರಾ ರಾಸಾಯನಿಕ ಕಾರಖಾನೆಯ ಉಪ್ಪಿನ ಪಾತಿಗಳಲ್ಲಿ ಅಗರಿಯರು ಹೆಂಡತಿ ಮಕ್ಕಳೊಡನೆ ದುಡಿಯುತ್ತಿದ್ದರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಉಪ್ಪಿಗೆ ಮಣಕ್ಕೆ ಐದಾಣೆ ಆರು ಪೈಯಂತೆ ಹಣ. ಹಾಜರಿ ಪುಸ್ತಕವಿಲ್ಲ, ಗೊತ್ತಾದ ವೇಳೆಯಿಲ್ಲ. ಆದುದರಿಂದ ಇವರು ಸ್ವತಂತ್ರ ಗುತ್ತಿಗೆದಾರರು ಎಂದು ಕಂಪನಿ ವಾದಿಸಿತು. 1956ರ ನವೆಂಬರಿನಲ್ಲಿ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ಏನು ಮಾಡಬೇಕೆಂಬುದನ್ನು ಹೇಳುವುದರ ಜೊತೆಗೆ ಹೇಗೆ ಮಾಡಬೇಕೆಂಬುದನ್ನೂ ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಅದು ಪರಿಶೀಲಿಸಿತು. ಸ್ವತಃ ಮೈಮುರಿದು ದುಡಿಯುವವನು, ಸಹಾಯಕ್ಕೆ ಬೇರೆಯವರನ್ನು ಕರೆದುಕೊಂಡ ಮಾತ್ರಕ್ಕೆ, ಗುತ್ತಿಗೆದಾರನಾಗುವುದಿಲ್ಲ ಎಂದು ತೀರ್ಮಾನಿಸಿತು. ನಮ್ಮ ಸೂತ್ರಧಾರಿಯನ್ನು ನೆನೆಯಿರಿ. ಸೂತ್ರ ಕಂಪನಿಯ ಕೈಯಲ್ಲಿದ್ದು, ಸೂತ್ರಧಾರಿಯೆಂಬ ಹೆಸರನ್ನು ಮಾತ್ರ ಅಗರಿಯನಿಗೆ ಕೊಟ್ಟಿದ್ದರು.

ಬೀಡಿಯ ಕಥೆ ಇಷ್ಟು ಸರಳವಾಗಿ ಮುಗಿಯಲಿಲ್ಲ. 1958ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ, ಕಾರಖಾನೆಯಿಂದ ತಂಬಾಕು ಒಯ್ದು ಬೇರೆಡೆ ಬೀಡಿ ಮಾಡಿಸಿ ತರುತ್ತಿದ್ದ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರೇ ಹೌದು, ಅವರ ಕೈಕೆಳಗಿನವರು ಕಾರಖಾನೆಯ ಕಾರ್ಮಿಕರಲ್ಲ ಎಂದು ನ್ಯಾಯಾಲಯ ಹೇಳಿತು. 1961ರಲ್ಲಿ, ಕಾರಖಾನೆಗೇ ಬಂದು ತಮಗೆ ಬೇಕಾದ ವೇಳೆಯಲ್ಲಿ ಬೀಡಿ ಕಟ್ಟುವವರು ಕಾರ್ಮಿಕರೇ ಎಂದು ತೀರ್ಪಾಯಿತು. ಹಾಗಾದರೆ ಮನೆಯ ಜಗಲಿಯಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸಿನ ಗತಿಯೇನು? ಎಲೆ, ತಂಬಾಕು ಗುತ್ತಿಗೆದಾರನಿಂದ ಬರುತ್ತದೆ. ಬೀಡಿಯ ಮೇಲಿನ ಮುದ್ರೆ ದೊಡ್ಡ ಕಂಪನಿಯದು. ಕೂಲಿ ಸಿಗದಿದ್ದರೆ ಗುತ್ತಿಗೆದಾರ ಕಂಪನಿಯತ್ತ ಕೈ ತೋರಿಸುತ್ತಾನೆ, ಕಂಪನಿ ಗುತ್ತಿಗೆದಾರನತ್ತ. ಮಾಡಿಟ್ಟ ಬೀಡಿ ಸರಿಯಿಲ್ಲವೆಂದು ತೆಗೆದು ಹಾಕಿದರೆ ಕೇಳುವವರಿಲ್ಲ.

ಈ ಗಂಟನ್ನು ಬಿಡಿಸಲು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಅದು ನೌಕರರೆಂದು ಎಣಿಸಿತು. ನಡುವೆ ಗುತ್ತಿಗೆದಾರನಿದ್ದರೂ ಯಾರ ಮಾಲು ಸಿದ್ಧವಾಗುತ್ತದೆಯೋ ಆ ಮುಖ್ಯ ಮಾಲಿಕನಿಗೆ ಹೊಣೆ ಹೊರಿಸಿತು. ಎಲೆ ತಂಬಾಕು ಕೊಡುವುದರ, ಬೀಡಿ ತಿರಸ್ಕರಿಸುವುದರ, ತಿರಸ್ಕರಿಸಿದ ಬೀಡಿಯ ಕೂಲಿಯ ತಗಾದೆಗಳನ್ನು ತೀರಿಸಲು ಒಂದು ಅಧಿಕಾರವನ್ನೂ ಗೊತ್ತುಪಡಿಸಿತು. ಮಾಲಿಕರು ಇದನ್ನು ಪ್ರಶ್ನಿಸಿದರು. ಆ ಮೊಕದ್ದಮೆಯು ನಮ್ಮ ಕರ್ನಾಟಕದ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿ ಹಿಡಿಯಿತು. ತುಳುನಾಡಿನ ಜಗಲಿಗಳಲ್ಲಿ ಬೀಡಿ ಕಟ್ಟುತ್ತಿದ್ದ ಸಾವಿರಾರು ಹೆಂಗಸರಿಗೆ ಭವಿಷ್ಯನಿಧಿಯ ಹಕ್ಕೂ ರಜೆಯ ಹಕ್ಕೂ ಬೇರೂರಲು ಇಂಥ ತೀರ್ಪುಗಳು ನೆಲ ಹದಮಾಡಿದವು.

ಇದಕ್ಕೆ ಸ್ವಲ್ಪ ಮುಂಚೆ, 1973ರಲ್ಲಿ, ಆಂಧ್ರದ ಹೊಲಿಗೆ ಅಂಗಡಿಯೊಂದರ ದರ್ಜಿಗಳ ವಿಷಯದಲ್ಲಿಯೂ ಇಂಥ ತೀರ್ಪು ಬಂದಿತ್ತು. ಅವರು ಬಟ್ಟೆಗೆ ಇಂತಿಷ್ಟೆಂದು ಹಣ ಪಡೆಯುತ್ತಿದ್ದರು, ಬೇಕಾದಾಗ ಬಂದು ಹೋಗುತ್ತಿದ್ದರು. ಆದರೂ ಯಂತ್ರ ಅಂಗಡಿಯದು, ಹೊಲಿಗೆ ಸರಿಯಿಲ್ಲವೆಂದು ಬಿಚ್ಚಿಸಿ ಹೊಲಿಸುವ ಅಧಿಕಾರ ಅಂಗಡಿಯದು. ಆದುದರಿಂದ ಅವರು ನೌಕರರು. 1978ರಲ್ಲಿ ಕೋಳಿಕ್ಕೋಡಿನ ಹಗ್ಗದ ಕಾರಖಾನೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ದುಡಿಯುವವರ ಅನ್ನದ ಮೇಲೆ ಯಾರ ಹಿಡಿತವಿದೆಯೋ ಅವರೇ ನಿಜವಾದ ಮಾಲಿಕರು, ನಡುವಿನ ಗುತ್ತಿಗೆದಾರನ ತೆರೆಯನ್ನು ಸರಿಸಿ ನೋಡಬೇಕು ಎಂಬುದು ಅವರ ತೀರ್ಪಿನ ಸಾರ.

ಕಟ್ಟಡದ ಕೂಲಿಯ ಮಾತು ಬಂದದ್ದು 1982ರಲ್ಲಿ. ದಿಲ್ಲಿಯಲ್ಲಿ ಏಷ್ಯಾ ಕ್ರೀಡಾಕೂಟಕ್ಕಾಗಿ ಮೇಲ್ಸೇತುವೆ, ಕ್ರೀಡಾಂಗಣಗಳು ಏಳುತ್ತಿದ್ದವು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ಆಳಿಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಕೆಲಸ ಮಾಡಿಸುವ ಸರಕಾರವು ಗುತ್ತಿಗೆದಾರನ ಹಿಂದೆ ಅಡಗಿಕೊಳ್ಳುವಂತಿಲ್ಲವೆಂದೂ ಹೇಳಿತು. ಪಟ್ಟದಕಲ್ಲಿನ ಗೋಡೆ ಹೇಳದೆ ಉಳಿಸಿದ್ದ ಮೂರನೆಯ ಪ್ರಶ್ನೆಗೆ ಹನ್ನೆರಡು ಶತಮಾನಗಳ ತರುವಾಯ ಒಂದು ಉತ್ತರ ಬರಹಕ್ಕೆ ಬಂದಿತು: ಕಟ್ಟಿಸುವವನೂ ಹೊಣೆಗಾರ.

ಈಗ ನಮ್ಮ ಕಾಲದಲ್ಲಿ ಹಳೆಯ ವಾದವೇ ಹೊಸ ಅಂಗಿ ತೊಟ್ಟು ಬಂದಿದೆ. ಮೊಬೈಲ್ ಫೋನಿನ ಮೂಲಕ ಊಟ ತಲುಪಿಸುವವರನ್ನು, ಬಾಡಿಗೆ ಕಾರು ಓಡಿಸುವವರನ್ನು ಕಂಪನಿಗಳು ನೌಕರರೆನ್ನದೆ ‘ಪಾಲುದಾರ’ರೆಂದು ಕರೆಯುತ್ತವೆ. ವಾಹನ ಅವರದು, ಪೆಟ್ರೋಲು ಅವರದು, ವೇಳೆಯೂ ಅವರ ಇಷ್ಟದಂತೆ. ಆದರೆ ದರ ಕಟ್ಟುವುದು, ದಾರಿ ಹೇಳುವುದು, ದಂಡ ಹಾಕುವುದು, ಖಾತೆ ಮುಚ್ಚುವುದು ಕಂಪನಿಯ ಗಣಕಯಂತ್ರ. ಇಳಕಲ್ಲಿನ ಮೂರನೆಯ ಬಗೆಯ ನೇಕಾರನಿಗೂ ಇವರಿಗೂ ಎಷ್ಟು ಹೋಲಿಕೆ ನೋಡಿರಿ! 2021ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುಪ್ರೀಮ್ ಕೋರ್ಟು ಊಬರ್ ಕಂಪನಿಯ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕನಿಷ್ಠ ವೇತನಕ್ಕೂ ರಜೆಯ ಸಂಬಳಕ್ಕೂ ಹಕ್ಕುಳ್ಳ ಕೆಲಸಗಾರರು ಎಂದು ತೀರ್ಮಾನಿಸಿತು. ನಮ್ಮ ದೇಶದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಇಂಥವರನ್ನು ಹೆಸರಿಸಿತಾದರೂ ಮಾಲಿಕ–ನೌಕರ ಸಂಬಂಧದ ಹೊರಗಿನವರೆಂದೇ ಎಣಿಸಿತು. 2023ರಲ್ಲಿ ರಾಜಸ್ಥಾನವೂ 2025ರಲ್ಲಿ ಕರ್ನಾಟಕವೂ ಇವರ ಕ್ಷೇಮಕ್ಕಾಗಿ ಬೇರೆಯೇ ಕಾಯಿದೆ ಮಾಡಿದವು. ಕರ್ನಾಟಕದ ಕಾಯಿದೆಯಂತೆ ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮನಿಧಿಗೆ ಕಂಪನಿ ಸಲ್ಲಿಸಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಅವರು ನೌಕರರೋ ಅಲ್ಲವೋ ಎಂಬ ಮೂಲ ಪ್ರಶ್ನೆಯನ್ನು ಅದು ಬಗೆಹರಿಸಿಲ್ಲ.

ಕೂಲಿಯ ಪಾವತಿಗೆ ಸಂಬಂಧಪಟ್ಟ 1936ರ ಹಳೆಯ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಬಂದಿದೆ. ಅದರ ಕೆಲವು ಮಾತುಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಕೆಲಸ ಬಿಟ್ಟವನಿಗಾಗಲಿ ಬಿಡಿಸಲ್ಪಟ್ಟವನಿಗಾಗಲಿ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಬೇಕು. ಬಾಕಿ ಕೂಲಿಗಾಗಿ ಅರ್ಜಿ ಹಾಕಲು ಮೂರು ವರ್ಷದ ಅವಧಿಯಿದೆ. ಕೂಲಿ ಕೊಟ್ಟಿಲ್ಲವೆಂದು ನೌಕರನು ದೂರಿದರೆ, ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಭಾರ ಮಾಲಿಕನದು. ಆದರೆ ಈ ಬಾಗಿಲುಗಳು ತೆರೆಯುವುದು ನೌಕರನೆಂದು ಒಪ್ಪಿದವನಿಗೆ. ಗುತ್ತಿಗೆದಾರನೆಂದು ಕಾಗದದಲ್ಲಿ ಬರೆಸಿಕೊಂಡವನು ಮೊದಲು ತಾನು ನೌಕರನೆಂದು ತೋರಿಸಬೇಕು. ಕೂಲಿಯವನಿಗೆ ‘ನೀನೇ ಧಣಿ’ ಎಂಬ ಹೆಸರು ಎಷ್ಟು ದುಬಾರಿಯಾಗಿ ಬೀಳುತ್ತದೆಂಬುದು ಇದರಿಂದ ಗೊತ್ತಾಗುತ್ತದೆ.

ಈ ಮಾತೆಲ್ಲ ದೊಡ್ಡ ಕಂಪನಿಗಳಿಗೆ, ನ್ಯಾಯಾಲಯಗಳಿಗೆ ಸೇರಿದ್ದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಪಟ್ಟಣದಲ್ಲಿ ಮನೆ ಕಟ್ಟಿಸುವಾಗ ನಾವು ಮೇಸ್ತ್ರಿಯೊಡನೆ ಚದರಕ್ಕೆ ಇಷ್ಟೆಂದು ಗುತ್ತಿಗೆ ಮಾತಾಡುತ್ತೇವೆ. ಮೇಸ್ತ್ರಿಗೆ ಹಣ ಕೊಟ್ಟಾಯಿತು, ಇನ್ನು ನಮ್ಮ ಪಾಲಿನದು ಮುಗಿಯಿತು ಎಂದುಕೊಳ್ಳುತ್ತೇವೆ. ಇಟ್ಟಿಗೆ ಹೊತ್ತ ಹೆಂಗಸಿಗೆ ಶನಿವಾರದ ಬಟವಾಡೆ ಆಯಿತೇ ಎಂದು ಎಷ್ಟು ಜನ ವಿಚಾರಿಸುತ್ತೇವೆ? ಸೀರೆ ಕೊಳ್ಳುವಾಗ ದಡಿಯನ್ನೂ ಸೆರಗನ್ನೂ ಬೆಳಕಿಗೆ ಹಿಡಿದು ನೋಡುತ್ತೇವೆ. ಅದರ ಬೆಲೆಯಲ್ಲಿ ಮಗ್ಗದವರ ಪಾಲೆಷ್ಟು ಎಂದು ಅಂಗಡಿಯವನನ್ನು ಕೇಳುವುದಿಲ್ಲ. ಕೇಳಿದರೆ ಅವನು ಸಿಟ್ಟಾಗಲಾರ. ಹತ್ತು ಜನ ಕೇಳಿದರೆ ಉತ್ತರ ಸಿದ್ಧವಾಗಿಟ್ಟುಕೊಂಡಾನು. ಇನ್ನು ದುಡಿಯುವವರ ಮನೆಯ ಓದು ಬಲ್ಲ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ಎಷ್ಟು ಹಾಸು ಬಂತು, ಎಷ್ಟು ಸೀರೆ ಹೋಯಿತು, ಎಷ್ಟು ಮಜೂರಿ ಬಂತು, ಎಷ್ಟು ಮುರಿದರು ಎಂದು ತಾರೀಖು ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವುದು. ತಗಾದೆ ಬಂದಾಗ ಆ ಪುಸ್ತಕವೇ ಸಾಕ್ಷಿ.

ಲೋಕಮಹಾದೇವಿ ಗಾಯಕರ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಯಿಸಿದುದು ಇದೇ ವಿವೇಕದಿಂದ. ಮುಂದಿನ ಬಾರಿ ಪಟ್ಟದಕಲ್ಲಿಗೆ ಹೋದಾಗ ಅನಿವಾರಿತಾಚಾರಿಯ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಿರಿ. ಅವನಿಗೆ ಸಲ್ಲಬೇಕಾದುದು ಸಂದಿದೆ, ಅದು ಕಲ್ಲಿನಲ್ಲಿದೆ. ಬಂದ ದಾರಿಯಲ್ಲಿ ರಸ್ತೆಯ ಪಕ್ಕ ಜಲ್ಲಿ ಒಡೆಯುತ್ತಿದ್ದವರಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ಕೇಳುವ ಅಧಿಕಾರ ನಮಗಿದೆ, ಏಕೆಂದರೆ ಆ ರಸ್ತೆಯನ್ನು ಕಟ್ಟಿಸುತ್ತಿರುವವರು ನಾವು.